ಎರಡನೇ ಪುಟಕ್ಕೆ ಯಾರೂ ಹೋಗಲ್ಲ

ಅಂತ್ಯಕ್ರಿಯೆ ಮುಗಿದು ಎರಡು ದಿನ. ಬಂದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗಿದ್ದರು.

ಶುಕ್ರವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಮೇಲಿನ ಮನೆಯವರು ಕುರ್ಚಿ ಎಳೆದ ಸದ್ದಾಯಿತು. ಎಲ್ಲವೂ ಎಂದಿನಂತೆ!

ಅವಳೂ ಎಂದಿನಂತೆ ಮುಖ ತೊಳೆದು ಲ್ಯಾಪ್‌ಟಾಪ್ ತೆರೆದಳು. ಮಂಗಳವಾರದಿಂದ ಅವಳ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ.

ಜನ ಏನನ್ನಾದರೂ ಹುಡುಕಿದಾಗ ಯಾವ ವೆಬ್‌ಸೈಟ್ ಎಷ್ಟನೆಯದಾಗಿ ಕಾಣುತ್ತದೆ, ಎಷ್ಟು ಜನ ಅದನ್ನು ಒತ್ತಿ ಒಳಗೆ ಬರುತ್ತಾರೆ... ಇದನ್ನು ದಿನವೂ ನೋಡಿ ಕಂಪನಿಗಳಿಗೆ ಬಿಡಿಸಿ ಹೇಳುವುದು ಅವಳ ಕೆಲಸ. ಸಂಖ್ಯಾಶಾಸ್ತ್ರ ಓದಿದವಳು. ಅಂಕಿಗೆ ಬೆಣ್ಣೆ ಹಚ್ಚಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಆದರೆ ಇವತ್ತು ಅವಳ ಬೆರಳು ಕಂಪನಿಯ ವರದಿಗೆ ಹೋಗಲಿಲ್ಲ. ಎರಡು ತಿಂಗಳಿನಿಂದ ತೆರೆಯದಿದ್ದ ಇನ್ನೊಂದಕ್ಕೆ ಹೋಯಿತು. ಗಂಡನ ಸೂಟ್‌ಕೇಸ್ ರಿಪೇರಿ ಅಂಗಡಿಯ ಪುಟ್ಟ ವೆಬ್‌ಸೈಟ್.

ಇಂಥ ವರದಿ ಯಾವಾಗಲೂ ಮೂರು ದಿನ ತಡ. ಪರದೆಯ ಮೇಲಿನ ಗೆರೆ ಮಂಗಳವಾರಕ್ಕೆ ಬಂದು ನಿಂತಿತ್ತು.

ಮಂಗಳವಾರ ಬೆಳಿಗ್ಗೆ ಎಂಟೂವರೆಯವರೆಗೆ ಅವನಿದ್ದ. ಒಂಬತ್ತಕ್ಕೆ ಇರಲಿಲ್ಲ. ಅಂಗಡಿಯಲ್ಲಿ ಯಾರದೋ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ ಹಾಗಿದ್ದನಂತೆ. ಹೃದಯ, ಎಂದರು ವೈದ್ಯರು.

ಈ ಪರದೆಯಲ್ಲಿ ಅವನಿನ್ನೂ ಬದುಕಿದ್ದಾನೆ...

ನಾಳೆ ಇಲ್ಲಿಗೂ ಬುಧವಾರ ಬರುತ್ತದೆ!

ಅವಳಿಗೆ ಎರಡು ತಿಂಗಳ ಹಿಂದಿನ ಆ ಬೆಳಗು ನೆನಪಾಯಿತು. ಅವನು ಫೋನ್ ಹಿಡಿದು ಅಡುಗೆಮನೆಗೆ ಓಡಿ ಬಂದಿದ್ದ.

"ಅಂಕಿರಾಣಿ, ಇಲ್ನೋಡು! 'ಮುರಿದ ಸೂಟ್‌ಕೇಸ್ ಚಕ್ರ' ಅಂತ ಹುಡುಕಿದ್ರೆ ನಾನೇ ಫಸ್ಟು!"

ಅವಳಿಗೆ ಆಫೀಸಿನ ಅವಸರ. "ನಿನ್ನ ಫೋನಲ್ಲಿ ಮಾತ್ರ. ದಿನಾ ನಿನ್ನನ್ನೇ ನೀನು ಹುಡುಕ್ತೀಯ, ಅದೂ ನಿನ್ನನ್ನೇ ತೋರಿಸುತ್ತೆ. ನಿನ್ನ ಪರಿಚಯ ಇಲ್ಲದ ಫೋನಲ್ಲಿ ನೋಡು. ಅರವತ್ನಾಲ್ಕನೇದು ನೀನು. ಏಳನೇ ಪುಟ."

"ಏಳನೇ ಪುಟ ಆದ್ರೇನು, ಇದ್ದೀನಲ್ಲ!"

"ಎರಡನೇ ಪುಟಕ್ಕೇ ಯಾರೂ ಹೋಗಲ್ಲ, ನಿಧಾನಪ್ಪ. ಏಳನೇದರಲ್ಲಿದ್ರೆ ಇಲ್ಲ ಅಂತಲೇ ಲೆಕ್ಕ."

ಇಲ್ಲ ಅಂತಲೇ ಲೆಕ್ಕ.

ಅವನು ನಕ್ಕು ಫೋನ್ ಜೇಬಿಗಿಟ್ಟುಕೊಂಡಿದ್ದ. ಮತ್ತೆಂದೂ ಆ ಮಾತೆತ್ತಲಿಲ್ಲ. ಅವಳೂ ಕೇಳಲಿಲ್ಲ. ಈಗ ಆ ಮಾತು ಅವಳನ್ನೇ ಚುಚ್ಚುತ್ತಿತ್ತು. *ಅದನ್ನೇ ಮನಸ್ಸಲ್ಲಿಟ್ಟುಕೊಂಡು ಹೋದೆಯಾ? ನಿನ್ನ ಕೆಲಸ ನನಗೆ ಲೆಕ್ಕಕ್ಕಿಲ್ಲ ಅಂದುಕೊಂಡೇ ಹೋದೆಯಾ?*

ಕೇಳಲು ಯಾರಿದ್ದಾರೆ?

ಅವಳು ಚಕ್ರದ ಪುಟದ ಅಂಕಿಗಳನ್ನು ನೋಡಿದಳು. ನೋಡಿ, ಮತ್ತೊಮ್ಮೆ ನೋಡಿದಳು.

ಅರವತ್ನಾಲ್ಕು. ಐವತ್ತೆಂಟು. ನಲವತ್ತೊಂದು. ಇಪ್ಪತ್ಮೂರು... ಮಂಗಳವಾರ, ಹನ್ನೊಂದು!

ಇನ್ನೊಂದು ವಿಚಿತ್ರ. ಎರಡು ತಿಂಗಳೂ ಬಿಡದೆ ದಿನಕ್ಕೊಂದೇ ಕ್ಲಿಕ್. ಯಾವುದೋ ಮೊಬೈಲಿನಿಂದ. ಯಾರೋ ಒಬ್ಬರು ದಿನವೂ ಪುಟದ ಮೇಲೆ ಪುಟ ಇಳಿದು ಅವನನ್ನು ಹುಡುಕಿ ತೆಗೆಯುತ್ತಿದ್ದರು.

ಯಾರು?

"ಆಸ್ಪತ್ರೆಯವರು ಕೊಟ್ಟ ಕವರನ್ನ ನೀನಿನ್ನೂ ಬಿಚ್ಚೇ ಇಲ್ವಲ್ಲೇ..." ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎರಡೇ ದಿನಕ್ಕೆ ಅವರ ಧ್ವನಿ ಸವೆದುಹೋಗಿತ್ತು. "ಇದ್ರಲ್ಲಿ ಎರಡು ಫೋನಿದೆ. ಒಂದು ಅವನದು. ಇದ್ಯಾರದು?"

ಗಾಜು ಬಿರಿದ ಹಳೆಯ ಫೋನ್. ಅಂಗಡಿಗೆ ಬಂದ ಬ್ಯಾಗುಗಳಿಗೆ ಕಟ್ಟುವಂಥದೇ ಚೀಟಿ ಅದಕ್ಕೂ ಕಟ್ಟಿತ್ತು. ಅವನ ದುಂಡು ಅಕ್ಷರ: 'ದರ್ಜಿ ಅಕ್ಕನದು. ವಾಪಸ್ ಕೊಡಬೇಕು.'

"ಕಾಲಲ್ಲಿರೋ ಚಪ್ಪಲಿಗೂ ಚೀಟಿ ಕಟ್ಟೋನು ನನ್ನ ಮಗ," ಎಂದು ಅತ್ತೆ ನಗಲು ಹೋದರು. ನಗು ಅರ್ಧಕ್ಕೇ ಮುರಿಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು.

ಫೋನಿಗೆ ಬೀಗವಿರಲಿಲ್ಲ. ಸಿಮ್ ಕೂಡ ಇರಲಿಲ್ಲ. ಒಳಗಿದ್ದದ್ದು ಒಂದೇ ಟಿಪ್ಪಣಿ.

'64. ಪರಿಚಯ ಇಲ್ಲದ ಫೋನ್ ಸಿಕ್ಕಿತು. ಅಂಕಿರಾಣಿ ಹೇಳಿದ್ದು ಸರಿ.

58. ನಾನೇ ತೆಗೆದ ಫೋಟೋ ಹಾಕಿದೆ.

41. ಶೀರ್ಷಿಕೆ ಬದಲಿಸಿದೆ. ಯಾರಿಗೋ ಫೋನಲ್ಲಿ ಹೇಳಿಕೊಡ್ತಿದ್ದಳು, ಕದ್ದು ಕೇಳಿದೆ!

23. ಚಕ್ರದ ವಿಷಯ ಮುಗಿಯಿತು. ಇನ್ನು ನಿಜ ಬರೆಯಬೇಕು.

11. ಎರಡನೇ ಪುಟದಲ್ಲಿ ನಾನೇ ಫಸ್ಟು! ಹತ್ತು ಆದ ದಿನ ಅವಳಿಗೆ ಓದಲು ಕೊಡೋದು. ಬಯ್ತಾಳೆ. ಬಯ್ಯಲಿ.'

ಕೊನೆಯ ಸಾಲು ಮಂಗಳವಾರ, ಎಂಟು ಇಪ್ಪತ್ತು.

ಓದಲು...?

ಆ ಪುಟದ ಸ್ಥಾನ ಅವಳಿಗೆ ಗೊತ್ತಿತ್ತು, ಅದರ ಏರಿಳಿತ ಗೊತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂದು ಒಂದು ದಿನವೂ ಓದಿರಲಿಲ್ಲ!

ಅದೇ ಫೋನನ್ನು ಮನೆಯ ವೈಫೈಗೆ ಸೇರಿಸಿ 'ಮುರಿದ ಸೂಟ್‌ಕೇಸ್ ಚಕ್ರ' ಎಂದು ಹುಡುಕಿದಳು. ಮೊದಲ ಪುಟದ ಹತ್ತು ಹೆಸರುಗಳನ್ನು ದಾಟಿದಳು. ಎರಡನೇ ಪುಟ. ಮೊದಲನೆಯದೇ ಅವನು.

ಒತ್ತಿದಳು.

'ಚಕ್ರ ಮುರಿದರೆ ಎಲ್ಲರೂ ಚಕ್ರವನ್ನೇ ಬಯ್ಯುತ್ತಾರೆ. ಹೆಚ್ಚಾಗಿ ತಪ್ಪು ಒಳಗಿನ ಕಡ್ಡಿಯದು. ಅದನ್ನು ಬದಲಿಸಲು ಇಪ್ಪತ್ತು ನಿಮಿಷ ಸಾಕು. ಯಾರಾದರೂ ಹೆಚ್ಚು ಹೊತ್ತು ತೆಗೆದುಕೊಂಡರೆ ಅನುಮಾನಪಡಿ.

ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗಿ ಮೂರೇ ಚಕ್ರದ ಸೂಟ್‌ಕೇಸನ್ನು ಧರಧರ ಎಳೆದುಕೊಂಡು ಬಂದಳು. ಬಸ್ಸಿಗೆ ನಲವತ್ತೇ ನಿಮಿಷ ಇದೆ ಎಂದು ಗದರಿದಳು. ಗದರುವಾಗ ಮೂಗಿನ ತುದಿ ಕೆಂಪಾಯಿತು. ನಾನು ಇಪ್ಪತ್ತು ನಿಮಿಷದ ಕೆಲಸವನ್ನು ಒಂದು ಗಂಟೆ ಮಾಡಿದೆ. ಬಿಗಿಯಾಗಿದ್ದ ಸ್ಕ್ರೂ ಬಿಚ್ಚಿ, ಮತ್ತೆ ಬಿಗಿ ಮಾಡಿದೆ. ಮೂರು ಸಲ! ಬಸ್ಸು ಹೋಯಿತು. ಮುಂದಿನ ಬಸ್ಸಿನವರೆಗೆ ಅವಳು ನನ್ನ ಅಂಗಡಿಯಲ್ಲೇ, ಆ ಸೂಟ್‌ಕೇಸಿನ ಮೇಲೇ ಕೂತು ನನ್ನನ್ನು ಬಯ್ದಳು.

ಅವತ್ತಿನಿಂದ ನನಗೆ ನಿಧಾನಪ್ಪ ಎಂದು ಹೆಸರು. ನಾನು ನಿಧಾನದವನಲ್ಲ. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ.'

ಅವಳಿಗೆ ಮೊದಲು ಬಂದದ್ದು ನಗು. ಗಟ್ಟಿಯಾದ ನಗು.

"ಕಳ್ಳ... ನಾಲ್ಕು ವರ್ಷ ಆ ಹೆಸರಲ್ಲಿ ಕರೆಸ್ಕೊಂಡು ಸುಮ್ನಿದ್ಯಲ್ಲೋ..."

ನಗುತ್ತಲೇ ಅಳು ಒತ್ತರಿಸಿ ಬಂತು. ಮಂಗಳವಾರದಿಂದ ಕಟ್ಟಿಕೊಂಡದ್ದೆಲ್ಲ ಒಂದೇ ಸಲಕ್ಕೆ ಒಡೆಯಿತು. ಅತ್ತೆ ಓಡಿ ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. "ಅತ್ತುಬಿಡು ಕಂದ," ಎಂದಷ್ಟೇ ಅಂದರು.

ಹನ್ನೊಂದು ಗಂಟೆಗೆ ಅವಳು ಅಂಗಡಿಯ ಬೀದಿಗೆ ಹೋದಳು. ಅವನ ಅಂಗಡಿಯ ಷಟರ್ ಎಳೆದಿತ್ತು. ಅವಳು ಅತ್ತ ನೋಡಲಿಲ್ಲ. ಎದುರಿನ ಅಂಗಡಿಯಲ್ಲಿ ದರ್ಜಿ ಅಕ್ಕ ಹೊಲಿಗೆ ನಿಲ್ಲಿಸಿ ಎದ್ದು ನಿಂತರು. ಟೇಪು ಕೊರಳಲ್ಲೇ ಇತ್ತು.

ಅವಳು ಫೋನ್ ಮುಂದೆ ಹಿಡಿದಳು.

"ಇದನ್ಯಾಕೆ ತಂದ್ಯಮ್ಮ? ದಾರದ ಡಬ್ಬಿಯಲ್ಲಿ ಸುಮ್ನೆ ಬಿದ್ದಿದ್ದು. ಅವನ ಅಕ್ಷರ ಇದೆ, ನೀನೇ ಇಟ್ಕೋ."

"ವಾಪಸ್ ಕೊಡಬೇಕು ಅಂತ ಅವನೇ ಬರೆದಿದ್ದಾನೆ ಅಕ್ಕ."

ದರ್ಜಿ ಅಕ್ಕ ಚೀಟಿಯನ್ನು ಬೆರಳಿನಿಂದ ಸವರಿದರು. "ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ನಂಬರ್ ಕೂಗಿ ಹೇಳೋನು, ಲಾಟರಿಯವನ ಥರ. ಮಂಗಳವಾರ ಬರ್ಲೇ ಇಲ್ಲ... ಎಷ್ಟನೇದಾಯ್ತಮ್ಮ ಕೊನೆಗೆ?"

ಹತ್ತು ಎಂದುಬಿಡಬಹುದಿತ್ತು. ಯಾರಿಗೇನು ನಷ್ಟ? ನಾಲಿಗೆಯ ತುದಿಗೂ ಬಂತು.

"ಹನ್ನೊಂದು."

"ಹತ್ತು ಆಗ್ಲಿಲ್ವಾ?"

"ಇಲ್ಲ ಅಕ್ಕ."

ದರ್ಜಿ ಅಕ್ಕ ನಿಟ್ಟುಸಿರಿಟ್ಟರು. "ಎರಡನೇ ಪುಟಕ್ಕೆ ಯಾರೂ ಹೋಗಲ್ಲ ಅಂತ ನೀನು ಅಂದಿದ್ಯಂತೆ. 'ನನ್ನ ಹೆಂಡ್ತಿ ಮಾತು ಸೂಜಿ ಇದ್ದ ಹಾಗೆ ಅಕ್ಕ, ಚುಚ್ಚುತ್ತೆ, ಆದ್ರೆ ಹೊಲಿಯೋದೂ ಅದೇ' ಅಂತ ಎಷ್ಟು ನಗ್ತಿದ್ದ ಗೊತ್ತಾ!"

ನಗ್ತಿದ್ದ...

ಅವಳು ಕಣ್ಣು ಮುಚ್ಚಿ ತೆರೆದಳು. ಫೋನನ್ನು ದರ್ಜಿ ಅಕ್ಕನ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ತಾನೇ ಮಡಿಸಿದಳು.

"ಇವತ್ತು ಹೋದೆ ಅಕ್ಕ, ನಾನು. ಎರಡನೇ ಪುಟಕ್ಕೆ."

"ಅವನಿಗೆ ಹೇಗಮ್ಮ ಗೊತ್ತಾಗುತ್ತೆ..."

"ಸೋಮವಾರ ವರದಿಯಲ್ಲಿ ಬರುತ್ತೆ," ಎಂದಳು ಅವಳು.