ಎರಡು ರಿಂಗು

ಹೆಂಡತಿ ತೀರಿಕೊಂಡ ಒಂಬತ್ತನೇ ದಿನ ದೇವರಾಜುವಿನ ಮೋಡೆಮ್ ಕೆಲಸ ಮಾಡತೊಡಗಿತು.

ಮುತ್ತಮ್ಮ ಹಾಸಿಗೆ ಹಿಡಿದಾಗ ಶುರುಮಾಡಿದ ಕೆಲಸ ಅದು. ಅಮ್ಮತ್ತಿಯ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವನೊಬ್ಬನೇ. ಕುಶಾಲನಗರದ ಮನೆಯಲ್ಲೇ ಕೂತು ಆಫೀಸಿನ ಕೆಲಸ ಮಾಡುವಂತಾದರೆ ಹೊತ್ತಿಗೆ ಸರಿಯಾಗಿ ಅವಳಿಗೆ ಗಂಜಿಯಾದರೂ ಕುಡಿಸಬಹುದಿತ್ತು. ಕೇಳಿದ್ದಕ್ಕೆ ಮ್ಯಾನೇಜರ್ ಮೊಣ್ಣಪ್ಪ ನಕ್ಕುಬಿಟ್ಟಿದ್ದರು. "ಮನೇಲಿ ಕೂತು ಕೆಲಸವಾ? ಅದಕ್ಕೆಲ್ಲ ಕಂಪನಿ ಕಾಸು ಬಿಚ್ಚಲ್ಲ ಮಾರಾಯ."

ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ದೇವರಾಜು ತಾನೇ, ಫೋನ್ ಲೈನಿನ ಮೇಲೆ ಕಂಪ್ಯೂಟರುಗಳನ್ನು ಜೋಡಿಸುವ ಎರಡು ಮೋಡೆಮ್ ತಂದ. ಒಂದನ್ನು ಯಾರಿಗೂ ಹೇಳದೆ ಆಫೀಸಿನ ಫೋನ್ ಲೈನಿಗೆ ಸಿಕ್ಕಿಸಿ, ಮೇಜಿನ ಹಿಂದಿನ ಧೂಳಿನಲ್ಲಿ ಇಟ್ಟ. ಇನ್ನೊಂದು ಮನೆಗೆ. ಮನೆಯ ಬಿಲ್ಲು ಏರಬಾರದಲ್ಲ, ಅದಕ್ಕೆ ಊರಿಗೆ ಊರೇ ಮಾಡುವ ಉಪಾಯವನ್ನು ಯಂತ್ರಕ್ಕೂ ಕಲಿಸಿದ: ಮಿಸ್ಡ್ ಕಾಲ್. ಮನೆಯಿಂದ ಎರಡು ರಿಂಗು ಕೊಟ್ಟು ಇಟ್ಟರೆ ಆಫೀಸಿನ ಮೋಡೆಮ್ಮೇ ತಿರುಗಿ ಫೋನ್ ಮಾಡಬೇಕು.

ಅದು ಸರಿಹೋಗುವ ಮೊದಲೇ ಒಂದು ಮಧ್ಯಾಹ್ನ ಮಡಿಕೇರಿಯ ಆಸ್ಪತ್ರೆಯಿಂದ ಕರೆ ಬಂತು. ದೇವರಾಜು ಎದ್ದು ನಿಂತ. ಮೊಣ್ಣಪ್ಪ ಕಾಗದದಿಂದ ತಲೆಯೆತ್ತದೆ, "ಲಾಟಿನ ಸ್ಟೇಟ್‌ಮೆಂಟ್ ಮುಗಿಸಿ ಹೋಗು" ಎಂದರು. ಮುಗಿಸಿಯೇ ಹೋದ. ವಾರ್ಡಿನಲ್ಲಿ ಆಗಲೇ ಅವಳ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದರು.

ಅಂದಿನಿಂದ ಅವನಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಕೊಟ್ಟ ಇಂಜೆಕ್ಷನ್ನು ಇಳಿಯದೇ ಉಳಿದುಬಿಟ್ಟ ಹಾಗಿತ್ತು. ತಲೆ ಮಾತ್ರ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಒಂದು ವರ್ಷ ಮಾಡಿತು.

ಹದಿನೇಳನೇ ಲಾಟಿನ ಬೀಜಕ್ಕೆ ಬೂಷ್ಟು ಹಿಡಿದಿತ್ತು. ಕಂಪ್ಯೂಟರಿನಲ್ಲಿ ಅದನ್ನು ತಡೆಹಿಡಿದಿದ್ದರು. ಆ ತಡೆ ತೆಗೆಯಲು ಮ್ಯಾನೇಜರರ ಪಾಸ್‌ವರ್ಡ್ ಬೇಕು. ಅದು ಅವರ ನಾಯಿಯ ಹೆಸರು. ಆ ಹೆಸರನ್ನು ಅವರು ದಿನಾ ಇಡೀ ಯಾರ್ಡಿಗೆ ಕೇಳುವಂತೆ ಕೂಗುತ್ತಿದ್ದರು. ತಡೆ ತೆಗೆದರೆ ಸೋಮವಾರ ಬೆಳಿಗ್ಗೆ ಸರಕು ಲಾರಿ ಹತ್ತುತ್ತದೆ, ಮಂಗಳೂರಿನಲ್ಲಿ ಹಡಗು ಹತ್ತುತ್ತದೆ, ಹೊರದೇಶದಿಂದ ಛೀಮಾರಿ ಬರುತ್ತದೆ. ಯಾರು, ಎಷ್ಟು ಗಂಟೆಗೆ ತೆಗೆದರೆಂದು ಕಂಪ್ಯೂಟರೇ ಬರೆದಿಟ್ಟಿರುತ್ತದೆ. ನಿವೃತ್ತಿಗೆ ಎಂಟು ತಿಂಗಳಿರುವ ಮೊಣ್ಣಪ್ಪ ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಾರೆ.

ಭಾನುವಾರ ಫ್ಯಾಕ್ಟರಿಗೆ ರಜೆ. ಆದರೂ ಮೊಣ್ಣಪ್ಪ ಹನ್ನೆರಡಕ್ಕೆ ಬಂದು ಎರಡರವರೆಗೆ ಒಬ್ಬರೇ ಕೂರುತ್ತಾರೆ. ಅವರು ಬಂದದ್ದು, ಹೋದದ್ದು ಎರಡನ್ನೂ ಗೇಟಿನ ವಾಚ್‌ಮನ್ ಬೊಮ್ಮ ಪುಸ್ತಕದಲ್ಲಿ ಬರೆಯುತ್ತಾನೆ. ಈ ಭಾನುವಾರ ಮುತ್ತಮ್ಮನ ವರ್ಷದ ತಿಥಿ. ಒಂದು ಗಂಟೆಗೆ ದೇವರಾಜು ಅರವತ್ತು ಜನ ನೆಂಟರ ನಡುವೆ ಎಡೆಗೆ ಕರ್ಪೂರ ಹಚ್ಚುತ್ತಿರುತ್ತಾನೆ. ಅರವತ್ತು ಸಾಕ್ಷಿಗಳು.

ಒಂದು ಎಳೆಯನ್ನೂ ಅವನು ಸಡಿಲ ಬಿಟ್ಟಿರಲಿಲ್ಲ. ಮಿಸ್ಡ್ ಕಾಲ್ ಯಾವ ಬಿಲ್ಲಿಗೂ ಬರುವುದಿಲ್ಲ. ತಿರುಗಿ ಬರುವ ಕರೆ ಲೋಕಲ್, ಅದರ ನಂಬರು ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಶುಕ್ರವಾರ ಮೊಣ್ಣಪ್ಪನವರ ಮೇಜಿಗೆ ಹೊಸ ಫೋನ್ ಬಂದಾಗ ಅದನ್ನು ಅದೇ ಲೈನಿಗೆ ಜೋಡಿಸಿಕೊಟ್ಟವನೂ ಅವನೇ, ಮೋಡೆಮ್ಮಿಗೆ ತೊಂದರೆಯಾಗದ ಹಾಗೆ. ಸೋಮವಾರ ಎರಡೂ ಮೋಡೆಮ್ ಬಿಚ್ಚಿ ಹಾರಂಗಿ ನಾಲೆಗೆ ಎಸೆದರೆ ಮುಗಿಯಿತು.

ಭಾನುವಾರ ಹನ್ನೊಂದಕ್ಕೆ, ಆಫೀಸಿನಲ್ಲಿ ನರಪಿಳ್ಳೆಯೂ ಇಲ್ಲದ ಹೊತ್ತಿಗೆ, ಅವನು ನಡುಮನೆಯ ಫೋನಿನ ವೈರ್ ಕಿತ್ತು ಒಳಕೋಣೆಯ ಮೋಡೆಮ್ಮಿಗೆ ಸಿಕ್ಕಿಸಿದ. ಎರಡು ರಿಂಗು ಕೊಟ್ಟು ಇಟ್ಟ. ನಿಮಿಷದೊಳಗೆ ಅಮ್ಮತ್ತಿಯಿಂದ ತಿರುಗಿ ಕರೆ ಬಂತು. ಸರಿಯಾಗಿ ಒಂದು ಗಂಟೆಗೆ ಮೊಣ್ಣಪ್ಪನವರ ಹೆಸರಿನಲ್ಲಿ ಹದಿನೇಳನೇ ಲಾಟಿನ ತಡೆ ತೆಗೆ, ಎಂದು ಆಫೀಸಿನ ಕಂಪ್ಯೂಟರಿಗೆ ಹೇಳಿಟ್ಟು ಮೋಡೆಮ್ ಆರಿಸಿದ. ವೈರನ್ನು ಅಲ್ಲೇ ಬಿಟ್ಟ. ನೆಂಟರು ಫೋನ್ ಮುಟ್ಟುವುದು ಅವನಿಗೆ ಬೇಕಿರಲಿಲ್ಲ.

"ಎಲ್ಲೋದ್ರಿ ಭಾವ? ಎಡೆಗೆ ಇಡೋ ವಡೆಯೆಲ್ಲ ಆರಿ ಹೋಗ್ತಾ ಐತೆ," ಎಂದು ನಾದಿನಿ ಕಾವ್ಯಶ್ರೀ ಅಡುಗೆಮನೆಯಿಂದ ಕೂಗಿದಳು. ಅವನು ಕೈಕಾಲು ತೊಳೆದುಕೊಂಡು ಬಂದು ಮುತ್ತಮ್ಮನ ಫೋಟೋದ ಮುಂದೆ ಕೂತ. ಅವಳಿಗೆ ಇಷ್ಟವಾದ ಕೋಳಿ ಸಾರು, ಮುದ್ದೆ, ವಡೆ ಎಲ್ಲ ಎಲೆ ತುಂಬಾ ಇತ್ತು. ಅವನಿಗೆ ಏನೂ ಅನಿಸಲಿಲ್ಲ.

ಒಂದು ಗಂಟೆಗೆ ಐದು ನಿಮಿಷವಿದ್ದಾಗ ಅಂಗಳದಲ್ಲಿ ಜೀಪು ನಿಂತಿತು. ಶೂ ಬಿಚ್ಚಿ ಏದುಸಿರು ಬಿಡುತ್ತಾ ಒಳಗೆ ಬಂದವರು ಮೊಣ್ಣಪ್ಪ.

"ಸಾರ್... ನೀವು ಆಫೀಸಲ್ಲಿ..." ಎಂದ ದೇವರಾಜು. ಹೇಳಿಟ್ಟದ್ದನ್ನು ರದ್ದು ಮಾಡಲು ಒಳಕೋಣೆಗೆ ಓಡಬೇಕೆನಿಸಿತು. ಆದರೆ ಮೊಣ್ಣಪ್ಪ ಅವನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದರು, ಕಣ್ಣಲ್ಲಿ ನೀರಿತ್ತು. "ಹೋದ ವರ್ಷ ನಿನ್ನನ್ನು ಆಗಲೇ ಕಳಿಸಬೇಕಿತ್ತು ದೇವರಾಜು. ಬಾಯಿಬಿಟ್ಟು ಹೇಳ್ಲಿಕ್ಕೆ ನನಗೆ ಇಷ್ಟು ದಿನ ಬೇಕಾಯ್ತು." ಅರವತ್ತು ಜನವೂ ಕೇಳುತ್ತಿದ್ದರು. ಯಾರೋ ಹಚ್ಚಿಕೊಟ್ಟ ಕರ್ಪೂರದ ತಟ್ಟೆ ದೇವರಾಜುವಿನ ಬಲಗೈಯಲ್ಲಿ ಕಾಯುತ್ತಿತ್ತು.

"ನಿನಗೆ ಹೇಗೆ ಮುಖ ತೋರಿಸೋದು ಅಂತಾನೇ ಇದ್ದೆ," ಎಂದರು ಮೊಣ್ಣಪ್ಪ, ಎಲ್ಲರಿಗೂ ಕೇಳುವ ಹಾಗೆ. "ಹನ್ನೆರಡಕ್ಕೆ ಆಫೀಸಿಗೆ ಹೋದರೆ ಹೊಸ ಫೋನಿನ ಗಾಜಿನಲ್ಲಿ ನಿನ್ನ ಮನೆ ನಂಬರ್ ಉಂಟು, ಹನ್ನೊಂದು ಗಂಟೆಯದ್ದು. ಮಿಸ್ಡ್ ಕಾಲ್! ತಿಥಿ ದಿನ ಇವನು ನನಗ್ಯಾಕೆ ಫೋನ್ ಮಾಡಿದ ಅಂತ ತಿರುಗಿ ಮಾಡಿದೆ, ಯಾರೂ ಎತ್ತಲಿಲ್ಲ. ಎಂತ ಆಯ್ತೋ ಅಂತ ಹೆದರಿ ಬೊಮ್ಮನ ಪುಸ್ತಕದಲ್ಲಿ ಬರೆಸಿ ಜೀಪ್ ಹತ್ತಿದೆ." ಗೋಡೆಯ ಗಡಿಯಾರ ಒಂದು ಹೊಡೆಯಿತು. ತಟ್ಟೆಯ ಬಿಸಿಗೆ ಬೆರಳು ಸುಟ್ಟು ದೇವರಾಜುವಿಗೆ ನೋವಾಯಿತು, ವರ್ಷದ ಮೇಲೆ ಮೊದಲ ಸಲ. ಕಾವ್ಯಶ್ರೀ ಮೊಣ್ಣಪ್ಪನವರ ಮುಂದೆ ಬಾಳೆಲೆ ಹಾಸಿದಳು. "ಸರಿಯಾಗಿ ಒಂದು ಗಂಟೆಗೆ ನಮ್ಮನೇಲಿದ್ದೀರಿ ಸಾರ್, ಊಟ ಮಾಡ್ಕಂಡೇ ಹೋಗ್ಬೇಕು," ಎಂದಳು.