ಕನ್ನಡಿಗಳ ಎದುರಿನ ಕಾಫಿ ಕೌಂಟರ್

"ಇದನ್ನ ನೀವೇ ಮಾಡಿದ್ದಾ?"

ಅವನು ಕೇಳಿದ್ದು ಅಷ್ಟೇ. ಗದರಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಆದರೂ ಅವಳ ಎದೆ ಧಸಕ್ಕೆಂದಿತು.

ಆರ್ಡರ್ ಕೊಟ್ಟಾಗಲೇ ಅವನ ರೀತಿ ವಿಚಿತ್ರ ಅನ್ನಿಸಿತ್ತು. ಹಾಲು ಬೇಡ, ಸಕ್ಕರೆ ಬೇಡ ಅಂದಿದ್ದ. ಕೊಟ್ಟ ಕಾಫಿಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸಿದ. ಒಂದೇ ಒಂದು ಗುಟುಕು ಕುಡಿದ. ಆಮೇಲೆ ಕಪ್ ಕೆಳಗಿಟ್ಟು ನೇರವಾಗಿ ಅವಳ ಮುಖವನ್ನೇ ನೋಡಿದ.

'ಅಯ್ಯೋ... ಬೇರೆಯವರು ಮಾಡಿದ್ದು ಅಂತ ಸುಳ್ಳು ಹೇಳಿಬಿಡಲಾ?'

"ಹೌ... ಹೌದು ಸಾರ್. ನಾನೇ. ಏನಾದ್ರೂ ಬಿದ್ದಿತ್ತಾ ಅದ್ರಲ್ಲಿ?"

"ಏನೂ ಬಿದ್ದಿಲ್ಲ." ಅವನ ತುಟಿಯಂಚಿನಲ್ಲಿ ನಗು ಸುಳಿದು ಮಾಯವಾಯಿತು. "ಸ್ವಲ್ಪ ಕಹಿ ಜಾಸ್ತಿ, ಅಷ್ಟೇ. ನಾಳೆಯಿಂದ ನಾನೂ ಇಲ್ಲೇ ಇರ್ತೀನಿ. ಹೆಡ್ ಆಫೀಸಿಂದ ಕಳಿಸಿದ್ದಾರೆ. ನಿಮಗೆಲ್ಲ ತರಬೇತಿ ಕೊಡೋಕೆ."

ಹೆಡ್ ಆಫೀಸ್! ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಜಾರಿ ಹಾಲಿನ ಜಗ್ಗಿಗೇ ಬಿತ್ತು.

ಅದೊಂದು ದೊಡ್ಡ ಅಂಗಡಿ. ಮಂಚ, ಸೋಫಾ, ಪರದೆ, ದೀಪ... ಮನೆಗೆ ಬೇಕಾದ್ದೆಲ್ಲ ಒಂದೇ ಸೂರಿನಡಿ. ಮಹಡಿಯ ಮೂಲೆಯಲ್ಲಿ, ಪರಿಮಳದ ಮೇಣದಬತ್ತಿಗಳ ಕಪಾಟಿಗೂ ಕನ್ನಡಿ ವಿಭಾಗಕ್ಕೂ ನಡುವೆ ಸಿಕ್ಕಿಹಾಕಿಕೊಂಡಂತಿತ್ತು ಈ ಕಾಫಿ ಕೌಂಟರ್. ಅಲ್ಲಿ ನಿಂತರೆ ಎದುರಿನ ಗೋಡೆ ತುಂಬ ಕನ್ನಡಿಗಳು. ಉದ್ದದ್ದು, ದುಂಡನೆಯದು, ಅಂಚಿಗೆ ಬಳ್ಳಿ ಕೆತ್ತಿದ್ದು. ಎಲ್ಲದರಲ್ಲೂ ಅವಳದ್ದೇ ಹೆದರಿದ ಮುಖ.

ವ್ಯಾಪಾರ ಬಿದ್ದುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, "ನಿನ್ನೆ ಇದ್ದ ರುಚಿ ಇವತ್ತಿಲ್ಲ" ಅನ್ನುವ ದೂರು. ತಿಂಗಳ ಕೊನೆಗೆ ಹೆಡ್ ಆಫೀಸಿನ ಹಿರಿಯರು ಬಂದು ರುಚಿ ನೋಡುತ್ತಾರೆ, ಆಗಲೂ ಸರಿಯಿಲ್ಲದಿದ್ದರೆ ಕೌಂಟರ್ ಕಿತ್ತು ಆ ಜಾಗಕ್ಕೆ ಹಾಸಿಗೆಗಳನ್ನು ತರುತ್ತಾರೆ ಅಂತ ಮ್ಯಾನೇಜರ್ ಮೇಡಂ ಆಗಲೇ ಹೇಳಿದ್ದರು.

ಈ ಮಾತು ಕೇಳಿದಾಗಿನಿಂದ ಅವಳು ಕ್ಯಾಲೆಂಡರ್ ನೋಡುವುದನ್ನೇ ಬಿಟ್ಟಿದ್ದಳು. ಹಿಂದಿನ ಎರಡು ಕೆಲಸಗಳೂ ಹೆದರಿಕೆಯಿಂದಲೇ ಹೋಗಿದ್ದವು. ಯಾರಾದರೂ ನಿಂತು ನೋಡಿದರೆ ಸಾಕು, ಬರುವ ಕೆಲಸವೂ ಬಾರದಂತಾಗುತ್ತಿತ್ತು. ಮನೆಯಲ್ಲಿ ಅವಳ ಹೆಸರೇ ಪುಕ್ಕಲಿ. "ಇದೂ ಹೋದ್ರೆ ಸುಮ್ನೆ ಮನೇಲಿರು ಮಗಳೇ. ಹೊರಗಿನ ಪ್ರಪಂಚ ನಿನ್ನ ಕೈಲಿ ಆಗೋದಲ್ಲ," ಅಂದಿದ್ದರು ಅಪ್ಪ. ತಲೆ ಸವರುತ್ತಾ, ಪ್ರೀತಿಯಿಂದಲೇ ಅಂದಿದ್ದರು. ಅದಕ್ಕೇ ಅವಳಿಗೆ ಇನ್ನಷ್ಟು ಭಯ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಆದರೆ ಪ್ರೀತಿಯಿಂದ ಹೇಳಿದ್ದು ನಿಜವೇ ಆಗಿಬಿಟ್ಟರೆ?

"ನೋಡೇ, ಆ ಮೂಸು ಮೇಷ್ಟ್ರು ಬಂದ," ಮರುದಿನ ಪಿಸುಗುಟ್ಟಿದಳು ಜೊತೆಯ ಕೆಲಸದವಳು. ಬಾಯಿಗೆ ಬಿಡುವೇ ಕೊಡದ ಅವಳನ್ನು ಅಂಗಡಿಯವರೆಲ್ಲ ಕರೆಯುತ್ತಿದ್ದುದು ವಟವಟ ಅಕ್ಕ ಅಂತ. "ಅದೇನು ಮೂಗೋ! ನಿನ್ನೆ ನಾನು ತಿಂದ ಉಪ್ಪಿನಕಾಯಿನೂ ಕಂಡುಹಿಡಿದ ಕಣೇ!"

"ಅಕ್ಕಾ, ಮೆಲ್ಲಗೆ! ಕೇಳಿಸತ್ತೆ!"

"ಕೇಳಿಸ್ತು," ಅಂದ ಅವನು, ಕೌಂಟರಿನ ಆಚೆಯಿಂದ. "ಮೂಸು ಮೇಷ್ಟ್ರು... ಚೆನ್ನಾಗಿದೆ. ಇರಲಿ."

ಅಕ್ಕ ನಾಲಿಗೆ ಕಚ್ಚಿಕೊಂಡಳು. ಇವಳೋ, ನಗಬೇಕೋ ಓಡಬೇಕೋ ಗೊತ್ತಾಗದೆ ಮಷಿನ್ನಿನ ಹಿಂದೆ ತಲೆ ತಗ್ಗಿಸಿದಳು.

ಅಕ್ಕನ ತಪ್ಪನ್ನು ಅವನು ಅಂದೇ ಹಿಡಿದ. ಮಾತಿನ ಭರದಲ್ಲಿ ಅಕ್ಕ ಮಷಿನ್ ನಿಲ್ಲಿಸುವುದನ್ನೇ ಮರೆಯುತ್ತಿದ್ದಳು, ಕಾಫಿ ನೀರಾಗುತ್ತಿತ್ತು. "ಕಪ್ ತುಂಬೋ ತನಕ ಬಾಯಿಗೆ ಬೀಗ," ಅಂದ. ಅಕ್ಕನ ಪಾಲಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಆದರೆ ಕಾಫಿ ಸರಿಹೋಯಿತು.

ಇವಳದ್ದು ಸರಿಹೋಗಲಿಲ್ಲ.

ಪುಡಿ ತೂಗಿ ಹಾಕಿ ಒತ್ತಿದಳು. ನೀರು ಅಳೆದಳು. ಹೇಳಿದ ಕ್ಷಣಕ್ಕೇ ನಿಲ್ಲಿಸಿದಳು. ಅವನು ಎದುರು ನಿಂತು ಮೂಸಿ, ಕುಡಿದು, ಪ್ರತಿ ಸಲವೂ ಮೆಲ್ಲಗೆ ಅದನ್ನೇ ಹೇಳುತ್ತಿದ್ದ.

"ಇನ್ನೂ ಕಹಿ."

ಅವನು ರೇಗಿದ್ದರೂ ಚೆನ್ನಾಗಿತ್ತು! ರೇಗುತ್ತಿರಲಿಲ್ಲ. "ಪರವಾಗಿಲ್ಲ, ಇನ್ನೊಂದು ಮಾಡೋಣ," ಅನ್ನುತ್ತಿದ್ದ. ಆ 'ಮಾಡೋಣ' ಕೇಳಿದಾಗೆಲ್ಲ ಅವಳು ಪುಡಿ ಡಬ್ಬಿಯ ಬದಲು ಸಕ್ಕರೆ ಡಬ್ಬಿಗೆ ಕೈ ಹಾಕುತ್ತಿದ್ದಳು. ರಾತ್ರಿ ಮಲಗಿದರೆ ಕಿವಿಯಲ್ಲಿ ಅದೇ ದನಿ. ಬೆಳಿಗ್ಗೆ ಎದ್ದರೆ ಮೊದಲ ಯೋಚನೆ... 'ಇವತ್ತು ಅವನ ಮುಂದೆ ಮತ್ತೆ ಏನು ಎಡವಟ್ಟು ಮಾಡ್ತೀನೋ!'

ಒಂದು ಮಧ್ಯಾಹ್ನ ಗಿರಾಕಿಗಳೇ ಇರಲಿಲ್ಲ. ಅವನು ಸುತ್ತಲೂ ನೋಡಿ ಕೇಳಿದ, "ಇಷ್ಟು ಜನ ಅಂಗಡಿಗೆ ಬರ್ತಾರಲ್ಲ, ಇಲ್ಲಿಗ್ಯಾಕೆ ಬರಲ್ಲ? ನಿಮಗೇನನ್ನಿಸತ್ತೆ?"

ಅವಳನ್ನು ಹಾಗೆ ಯಾರೂ ಕೇಳಿರಲಿಲ್ಲ. ಉತ್ತರ ಬಹಳ ದಿನದಿಂದ ನಾಲಿಗೆ ತುದಿಯಲ್ಲೇ ಇತ್ತು.

"ಅದು... ಆ ಮೇಣದಬತ್ತಿ ಸಾರ್. ಅದರ ವಾಸನೆ ಮುಂದೆ ಕಾಫಿ ಘಮ ಯಾರ ಮೂಗಿಗೂ ತಲುಪಲ್ಲ. ಮತ್ತೆ..."

"ಮತ್ತೆ?"

"ಸೋಫಾದಲ್ಲಿ ಕೂತಿರೋ ಗಂಡಂದಿರು! ಹೆಂಡತೀರು ಪರದೆ ಆರಿಸೋ ತನಕ ಪಾಪ, ಕಳೆದುಹೋದ ಸಾಮಾನಿನ ಥರ ಕೂತಿರ್ತಾರೆ. ನಾವೇ ಹೋಗಿ ಒಂದೊಂದು ಗುಟುಕು ರುಚಿಗೆ ಕೊಟ್ರೆ..."

ಅವನು ಜೋರಾಗಿ ನಕ್ಕುಬಿಟ್ಟ. ಅವಳೂ ನಕ್ಕಳು. ಆಮೇಲೆ, ತಾನು ನಕ್ಕಿದ್ದಕ್ಕೇ ಹೆದರಿ ಬಾಯಿ ಮುಚ್ಚಿಕೊಂಡಳು.

"ಮುಚ್ಚಬೇಡಿ," ಅಂದ ಅವನು. ಅಂದವನೇ ಯಾಕೋ ಮುಖ ಕೆಂಪಗಾಗಿ ಹೊರಟುಹೋದ.

ಅದೇ ವಾರ ಮೇಣದಬತ್ತಿಗಳು ಕೆಳಮಹಡಿಗೆ ಹೋದವು. "ಈ ಯೋಚನೆ ನಿಂದಂತೆ! ತರಬೇತಿಗೆ ಬಂದಿದಾರಲ್ಲ, ಅವರೇ ಹೇಳಿದ್ರು. ಬಾಯಿ ಇದೆಯಲ್ಲೇ ನಿಂಗೆ!" ಅಂದರು ಮೇಡಂ. ಗಂಡಂದಿರು ಒಂದು ಗುಟುಕು ರುಚಿ ನೋಡಿ, ಎದ್ದು ಬಂದು ಇಡೀ ಕಪ್ ಕೊಂಡರು. ಹೆಂಡತಿಯರೂ ಹಿಂದೆಯೇ ಬಂದರು. ಕೌಂಟರಿನ ಮುಂದೆ ಮೊದಲ ಸಲ ಸಾಲು ನಿಂತಿತು.

ಈಗಲಾದರೂ ಭಯ ಕಡಿಮೆಯಾಗಬೇಕಿತ್ತಲ್ಲವೇ?

ಆದರೆ ಅಂದಿನಿಂದ ಅವನು ಕೌಂಟರಿಗೆ ಬರುವುದನ್ನೇ ನಿಲ್ಲಿಸಿಬಿಟ್ಟ.

ಒಂದು ದಿನ ಬರಲಿಲ್ಲ. ಮರುದಿನವೂ ಇಲ್ಲ. ಅಂಗಡಿಯಲ್ಲೇ ಇದ್ದ, ಅದು ಅವಳಿಗೆ ಗೊತ್ತು. ಕನ್ನಡಿಗಳು ಸುಳ್ಳು ಹೇಳುವುದಿಲ್ಲವಲ್ಲ! ದುಂಡು ಕನ್ನಡಿಯಲ್ಲಿ ಅವನ ಭುಜ ಕಾಣುತ್ತಿತ್ತು. ಅವಳು ತಲೆ ಎತ್ತಿದರೆ ಸಾಕು, ಸರಕ್ಕನೆ ಮರೆಯಾಗುತ್ತಿದ್ದ.

'ನನ್ನ ಕೈಲಿ ಆಗಲ್ಲ ಅಂತ ಬಿಟ್ಟೇಬಿಟ್ನಾ?'

ಒಂದು ಸಂಜೆ ಕನ್ನಡಿಯಲ್ಲಿ ಕಂಡದ್ದನ್ನಂತೂ ಅವಳು ಊಹಿಸಿಯೇ ಇರಲಿಲ್ಲ. ಅವಳಿಂದ ಕಾಫಿ ಕೊಂಡ ವಯಸ್ಸಾದ ಗಿರಾಕಿಯೊಬ್ಬರು ನೇರ ಅವನ ಬಳಿಗೆ ಹೋದರು. ಕಪ್ ಅವನ ಕೈಗಿಟ್ಟರು. ಅವನು ಅದನ್ನು ಮೂಸುತ್ತಾ ಕಂಬದ ಹಿಂದೆ ಸರಿದ.

ಕದ್ದು ಪರೀಕ್ಷೆ! ತನಗೆ ಗೊತ್ತಾಗದ ಹಾಗೆ, ಪರರ ಕೈಯಲ್ಲಿ ತರಿಸಿ, ತಪ್ಪು ಹುಡುಕುತ್ತಿದ್ದಾನೆ!

ಅದು ಸಾಲದೆಂಬಂತೆ ಮರುದಿನ ಬೆಳಿಗ್ಗೆ ಹಾಸಿಗೆ ವಿಭಾಗದವರು ಅಳತೆ ಟೇಪು ಹಿಡಿದು ಬಂದರು. ಅವಳ ಕಾಲ ಬುಡದಲ್ಲೇ ಕೌಂಟರಿನ ಉದ್ದಗಲ ಅಳೆದರು.

"ಸ್ವಲ್ಪ ಕಾಲು ತೆಗೀರಮ್ಮ. ಇಲ್ಲಿ ಡಬಲ್ ಹಾಸಿಗೆ ಬರತ್ತೆ ಅಲ್ವಾ?"

ಅವಳು ಕಾಲು ತೆಗೆದಳು. ಏಪ್ರನ್ ಬಿಚ್ಚುವುದನ್ನೂ ಮರೆತು, ಅವನು ನಿಂತಿದ್ದ ಕನ್ನಡಿ ವಿಭಾಗದತ್ತ ನಡೆದಳು. ಜೀವಮಾನದಲ್ಲಿ ಯಾರನ್ನೂ ಎದುರು ಹಾಕಿಕೊಳ್ಳದ ಪುಕ್ಕಲಿ!

"ಇಷ್ಟೇನಾ ನೀವು?" ದನಿ ಒಡೆಯುತ್ತಿತ್ತು. "ನಾನು ಲಾಯಕ್ಕಿಲ್ಲ ಅಂತ ಮುಖಕ್ಕೇ ಹೇಳಬಹುದಿತ್ತು. ಕಂಡೋರ ಕೈಲಿ ಕಾಫಿ ತರಿಸಿಕೊಂಡು, ಕದ್ದು ತಪ್ಪು ಹುಡುಕ್ತೀರಾ? ಒಳ್ಳೆಯವರು ಅಂದ್ಕೊಂಡಿದ್ದೆ ಸಾರ್!"

ಅವನು ಬೆಚ್ಚಿ ತಿರುಗಿದ. ಕೈಯಲ್ಲಿ ಕಾಫಿ ಕಪ್. ಅದರ ತಳ ಕಾಣುತ್ತಿತ್ತು, ಒಂದು ತೊಟ್ಟೂ ಉಳಿದಿರಲಿಲ್ಲ.

ಅವಳು ಅದನ್ನೇ ನೋಡಿದಳು. ತಾನು ಕೊಟ್ಟ ಕಪ್ಪಿನಲ್ಲಿ ಅವನು ಒಂದು ಗುಟುಕಿಗಿಂತ ಹೆಚ್ಚು ಕುಡಿದದ್ದನ್ನು ಅವಳು ಕಂಡೇ ಇರಲಿಲ್ಲ.

"ಇದು... ನಾನು ಮಾಡಿದ್ದಾ?"

"ನೀವೇ ಮಾಡಿದ್ದು. ದಿನಾ ನೀವು ಮಾಡಿದ್ದನ್ನೇ ಕುಡೀತಿದ್ದೀನಿ. ಸ್ವಲ್ಪನೂ ಕಹಿ ಇಲ್ಲ."

"ಮತ್ತೆ ಅಷ್ಟು ದಿನ..."

"ಅಷ್ಟು ದಿನ ನಾನು ಎದುರಿಗೆ ನಿಂತಿದ್ದೆ." ಅವನು ನೆಲ ನೋಡುತ್ತಾ ಹೇಳಿದ. "ಸೋಫಾದಲ್ಲಿದ್ದ ಒಬ್ರು ಹೊಗಳಿದ್ರು ಅಂತ ಅವರಿಗೆ ಮಾಡಿದ್ದರ ರುಚಿ ನೋಡಿದೆ. ಎಷ್ಟು ಹದವಾಗಿತ್ತು! ಆಗ ಕನ್ನಡೀಲಿ ನಿಮ್ಮ ಕೈ ಗಮನಿಸಿದೆ. ನಾನು ಮುಂದೆ ಬಂದ್ರೆ ನೀವು ಹೆದರ್ತೀರಿ. ಹೆದರಿದ್ರೆ ಪುಡಿನ ಮೈಯಲ್ಲಿರೋ ಬಲವೆಲ್ಲ ಹಾಕಿ ಒತ್ತಿಬಿಡ್ತೀರಿ. ಬಿಗಿಯಾದ ಪುಡೀಲಿ ನೀರು ಇಳಿಯೋದೇ ನಿಧಾನ... ಕಹಿ ಆಗದೆ ಇನ್ನೇನಾಗತ್ತೆ? ಕೆಟ್ಟಿದ್ದು ನಿಮ್ಮ ಕಾಫಿ ಅಲ್ಲ. ಕೆಡಿಸ್ತಿದ್ದಿದ್ದು ನಾನು. ಅದಕ್ಕೇ ದೂರ ಇದ್ದೆ."

ಸುತ್ತಲಿನ ಕನ್ನಡಿಗಳಲ್ಲಿ ಅವರಿಬ್ಬರೇ, ಮತ್ತೆ ಮತ್ತೆ ಅವರಿಬ್ಬರೇ.

"ಮೊದಲೇ ಹೇಳಬಹುದಿತ್ತಲ್ಲ?"

"ಹೇಳೋಕೆ ಹತ್ತಿರ ಬರ್ಬೇಕಲ್ಲ! ಬಂದ್ರೆ ನೀವು ಹೆದರ್ತೀರಿ. ಅಲ್ದೆ..." ಅವನು ತಡವರಿಸಿದ. "ನನಗೂ ಭಯಾನೇ. ನೀವು ಅವತ್ತು ನಕ್ಕಾಗ ನನ್ನ ಮೂಗಿಗೆ ಕಾಫಿ ಘಮಾನೇ ತಿಳೀಲಿಲ್ಲ. ಮೂಗು ಕೆಟ್ರೆ ನನಗೆ ಕೆಲಸ ಎಲ್ಲಿ?"

ಅಷ್ಟರಲ್ಲಿ ವಟವಟ ಅಕ್ಕನ ಕೂಗು ಇಡೀ ಮಹಡಿಗೆ ಕೇಳಿಸಿತು. "ಎಲ್ಲಿ ಸತ್ತೆಯೇ! ಹೆಡ್ ಆಫೀಸಿನವರು ಇವತ್ತೇ ಬಂದಿದಾರೆ! ಮೆಟ್ಟಿಲು ಹತ್ತಾ ಇದಾರೆ!"

ಅವಳು ಕೌಂಟರಿನತ್ತ ಓಡಿದಳು.

ಕೌಂಟರಿನ ಮುಂದೆ ಹಿರಿಯರು ಸಾಲಾಗಿ ನಿಂತರು. ಯಾರ ಮುಖದಲ್ಲೂ ನಗುವಿಲ್ಲ. ಪಕ್ಕದಲ್ಲಿ ಮ್ಯಾನೇಜರ್ ಮೇಡಂ. ಹಿಂದೆ ಟೇಪು ಹಿಡಿದೇ ನಿಂತ ಹಾಸಿಗೆಯವರು. ಅಕ್ಕ ಬಿಗಿಯಾಗಿ ತುಟಿ ಕಚ್ಚಿಕೊಂಡು ತನ್ನ ಕಾಫಿ ಮಾಡಿಟ್ಟಳು. ಹಿರಿಯರು ರುಚಿ ನೋಡಿ ತಲೆಯಾಡಿಸಿದರು.

"ಈಗ ನೀವು. ಇದೇ ರುಚಿ ಬರಬೇಕು," ಅಂದರು ಅವರಲ್ಲೊಬ್ಬರು, ಬೆಳ್ಳಿ ಕೂದಲಿನವರು.

ಪುಡಿ ತುಂಬಿದಳು. ಟ್ಯಾಂಪರ್ ಎತ್ತಿಕೊಂಡಳು. ಅದೇ, ಪುಡಿ ಒತ್ತುವ ಉಕ್ಕಿನ ಬಿಲ್ಲೆ. ಕೈ ಗಡಗಡ ನಡುಗಿತು. ಒಂದು ಸಲ ಒತ್ತಿದಳು... ಬಿಗಿಯಾಗಿಹೋಯಿತು. ಅವಳಿಗೇ ಗೊತ್ತಾಯಿತು, ಇದು ಕಹಿ.

ತಲೆ ಎತ್ತಿದಳು. ದುಂಡು ಕನ್ನಡಿಯಲ್ಲಿ ಅವನಿದ್ದ. ತನ್ನಿಂದ ಇನ್ನಷ್ಟು ಭಯವಾಗಬಾರದೆಂದು ಹಿಂದೆ ಹಿಂದೆ ಸರಿಯುತ್ತಿದ್ದ.

'ದೂರ ಹೋದ್ರೆ ನನ್ನ ಭಯಾನೂ ಹೋಗತ್ತೆ ಅಂತ ಯಾರು ಹೇಳಿದ್ರು? ಹೆದರಿಸೋದನ್ನೆಲ್ಲ ದೂರ ಇಡ್ತಾ ಹೋದ್ರೆ, ಅಪ್ಪ ಹೇಳಿದ ಹಾಗೆ ಮನೆಯೊಂದೇ ಉಳಿಯೋದು...'

ಒತ್ತಿದ ಪುಡಿಯನ್ನು ತಟ್ಟಿ ಬುಟ್ಟಿಗೆ ಸುರಿದಳು. ಎಲ್ಲರೂ ನೋಡುತ್ತಿದ್ದಂತೆ ಗಟ್ಟಿಯಾಗಿ ಕರೆದಳು.

"ಮೇಷ್ಟ್ರೇ! ಅಲ್ಲಿ ಬೇಡ. ಇಲ್ಲಿ ಬನ್ನಿ. ನನ್ನ ಎದುರಿಗೇ ನಿಂತ್ಕೊಳ್ಳಿ."

ಮೇಡಂ ಹುಬ್ಬು ಮೇಲಕ್ಕೇರಿತು. ಅವನು ಬಂದ. ಹಿರಿಯರ ನಡುವೆ ನಿಂತ. ಅವನ ಮುಖವೂ ಬಿಳಿಚಿತ್ತು.

"ಮೊದಲ ಕಪ್ ಇವರಿಗೆ," ಅಂದಳು ಹಿರಿಯರಿಗೆ. "ಇವರ ಮುಂದೆ ಸರಿಯಾಗಿ ಬಂದ್ರೆ, ಯಾರ ಮುಂದೆ ಬೇಕಾದ್ರೂ ಬರತ್ತೆ."

ಹೊಸದಾಗಿ ಪುಡಿ ತುಂಬಿದಳು. ಕೈ ನಡುಗುತ್ತಲೇ ಇತ್ತು. ಆದರೆ ಈ ಸಲ ಅದನ್ನು ತಡೆಯಲು ಹೋಗಲಿಲ್ಲ. ಅವನ ಕಣ್ಣನ್ನೇ ನೋಡಿದಳು, ಉಸಿರು ಬಿಟ್ಟಳು, ಉಸಿರಿನ ಜೊತೆಗೇ ಕೈಯನ್ನೂ ಇಳಿಸಿದಳು. ಮೆತ್ತಗೆ. ಮಗುವಿನ ಹಣೆ ಮುಟ್ಟಿದ ಹಾಗೆ.

ಕಾಫಿ ಸರಾಗವಾಗಿ, ಸಣ್ಣ ಎಳೆಯಾಗಿ ಇಳಿಯಿತು.

ಅವನು ಕಪ್ ತೆಗೆದುಕೊಂಡ. ಮೂಸಲಿಲ್ಲ! ನೇರ ಬಾಯಿಗಿಟ್ಟ. ಒಂದು ಗುಟುಕು... ಮತ್ತೊಂದು ಗುಟುಕು... ಅವನು ನಿಲ್ಲಿಸಲಿಲ್ಲ. ಕೊನೆಯ ತೊಟ್ಟಿನವರೆಗೂ ಕುಡಿದು, ಕಪ್ಪನ್ನು ಬೋರಲು ಹಾಕಿ ತೋರಿಸಿದ.

ಅವಳ ಕಣ್ಣು ತುಂಬಿ ಬಂತು. ಆ ಮಂಜಾದ ಕಣ್ಣಲ್ಲೇ ಉಳಿದವರಿಗೂ ಮಾಡಿಕೊಟ್ಟಳು.

ಬೆಳ್ಳಿ ಕೂದಲಿನ ಹಿರಿಯರು ಅಕ್ಕನ ಕಪ್ಪನ್ನೊಮ್ಮೆ, ಅವಳ ಕಪ್ಪನ್ನೊಮ್ಮೆ ಕುಡಿದರು. ಮತ್ತೆ ಕುಡಿದರು. "ಯಾವುದು ಯಾರದ್ದು ಅಂತ ಕೇಳಿದ್ರೆ ನಾನು ಹೇಳಲಾರೆ," ಅಂದರು. ಆಮೇಲೆ ಹಾಸಿಗೆಯವರ ಕಡೆ ತಿರುಗಿ, "ಆ ಟೇಪು ಸುತ್ತಿಡಿ. ಮಲಗೋಕೆ ಬೇರೆ ಜಾಗ ನೋಡ್ಕೊಳ್ಳಿ."

"ಈಗ ಮಾತಾಡಬಹುದಾ?" ಅಂತ ಅಕ್ಕ ಕಿರುಚಿದ್ದಕ್ಕೆ ಮೇಡಂ ಕೂಡ ನಕ್ಕರು.

ಎಲ್ಲರೂ ಚದುರಿದ ಮೇಲೆ ಅವನು ಇನ್ನೂ ಅಲ್ಲೇ ನಿಂತಿದ್ದ.

"ನನ್ನ ಕೆಲಸ ಇಲ್ಲಿಗೆ ಮುಗೀತು. ನಾಳೆ ಇನ್ನೊಂದು ಅಂಗಡಿ."

ಅವನು ಬೋರಲು ಹಾಕಿದ್ದ ಕಪ್ಪನ್ನೇ ಅವಳು ಒರೆಸುತ್ತಾ ನಿಂತಳು. "ಒಂದು ಮಾತು ಹೇಳಲಾ? ನೀವು ಎದುರಿಗೆ ನಿಂತ್ರೆ ಹೆದರ್ತಿದ್ದಿದ್ದು ಬರೀ ಮೇಷ್ಟ್ರು ಅಂತ ಅಲ್ಲ. ಒಂದಿನ ಹೀಗೆ 'ಕೆಲಸ ಮುಗೀತು' ಅಂತ ಹೇಳಿ ಹೊರಟುಬಿಡ್ತೀರಲ್ಲ... ಆ ಭಯ."

ಅವನು ಕೌಂಟರಿನ ಮೇಲೆ ಕೈಯೂರಿದ. ಆಮೇಲೆ ಮೆಲ್ಲಗೆ, "ಹೊರಟ್ರೂ ಭಾನುವಾರ ಬರಬಹುದಾ? ಕಾಫಿಗಲ್ಲ. ನಿಮ್ಮ ಅಪ್ಪನ್ನ ನೋಡೋಕೆ."

"ಅಯ್ಯೋ! ಅಪ್ಪನ ಎದುರು ನಿಂತ್ರೆ ನಿಮ್ಮ ಕೈ ನಡುಗತ್ತೆ!"

"ನಡುಗಲಿ ಬಿಡಿ. ಅಲ್ಲಿ ಕಾಫಿ ಮಾಡೋದು ನಾನಲ್ವಲ್ಲ?"

ಅವಳು ನಕ್ಕಳು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. ಕೌಂಟರಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು. ಎರಡೂ ಸಣ್ಣಗೆ ನಡುಗುತ್ತಿದ್ದವು.

"ಇನ್ನೂ ಭಯಾನಾ?" ಕೇಳಿದ ಅವನು.

"ಹ್ಞೂಂ. ನಿಮಗೆ?"

"ಬಹಳ."

"ಹಾಗಾದ್ರೆ ಒಬ್ಬೊಬ್ರೇ ಯಾಕೆ?" ಅಂದಳು ಅವಳು. "ಇಬ್ರೂ ಸೇರಿಯೇ ಹೆದರೋಣ."