ಅಂಗೈಯಲ್ಲಿನ ಯುದ್ಧ

"ನನ್ನ ಮಗ ರೆಸ್ಟ್ ತಗೊಳ್ತಾವ್ನೆ! ಒಳಕ್ಕೆ ಕಾಲಿಟ್ರೆ ನೋಡು!"

ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು ಅತ್ತೆ ಸಿದ್ದಗಂಗಮ್ಮ. ಕೈಯಲ್ಲಿ ಮಗನಿಗೆಂದು ಕಾಸಿದ ರಾಗಿ ಅಂಬಲಿ. ಸೊಸೆ ಅಕ್ಷತಾ ಹಿಂದೆ ಸರಿದಳು. ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ... ಅದೂ ಬತ್ತಿಹೋಗಿತ್ತು.

ಗುಬ್ಬಿಯಲ್ಲಿ ಆಫೀಸು ಕೆಲಸ, ಅಲ್ಲೇ ಮನೆ. ಗಂಡ ರೇಣುಕಾಪ್ರಸಾದನಿಗೆ ಏನು ಕಡಿಮೆಯಾಗಿತ್ತು ಹೇಳಿ! ಮೊಬೈಲಿನಲ್ಲಿ ಗುಂಡು ಹಾರಿಸುವ ಆಟವೊಂದು ಅಂಟಿಕೊಂಡಿತು, ಊಟ ನಿದ್ದೆ ಎಲ್ಲ ಅದರ ಪಾಲಾಯಿತು. ಗುರಿ ಇಡುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಬರುಬರುತ್ತ ಸುಮ್ಮನೆ ಕೂತಾಗಲೂ ಎದೆ ಡವಡವ, ಎದ್ದು ನಿಂತರೆ ಕಣ್ಣು ಕತ್ತಲೆ. "ಕೂತಲ್ಲೇ ಕೂತಿದ್ರೂ ದೇಹ ಯುದ್ಧದಲ್ಲಿದೀನಿ ಅಂದ್ಕೊಂಡಿದೆ. ಹೃದಯ, ಉಸಿರು ಎರಡೂ ತಣ್ಣಗಾಗೋದನ್ನೇ ಮರೀತಿವೆ. ಮೊಬೈಲ್ ದೂರ ಇಡಿ, ರೆಸ್ಟ್ ಕೊಡಿ," ಎಂದಿದ್ದರು ಡಾಕ್ಟರು.

ಊರಾದ ಕೊತ್ತಗೆರೆಯಿಂದ ಓಡಿಬಂದ ಅವನ ತಾಯಿಯ ಕಿವಿಗೆ ಬಿದ್ದದ್ದು ರೆಸ್ಟ್ ಎಂಬ ಒಂದೇ ಮಾತು. ಹೊಲ ಗೇಯ್ದವಳಿಗೆ ಮಲಗಿದರೆ ಅದೇ ರೆಸ್ಟ್! ಅಕ್ಷತಾ ಬಚ್ಚಿಟ್ಟಿದ್ದ ಮೊಬೈಲನ್ನು ಹುಡುಕಿ, "ಮಲ್ಗಿರೋ ಮಗೀಗೆ ಬೇಜಾರಾಗಲ್ವಾ?" ಎಂದು ತಾನೇ ಅವನ ಕೈಗಿತ್ತಳು.

"ಅತ್ತೆ, ಅದೇ ಅವರ ಕಾಯಿಲೆ..."

"ನಿನ್ನ ಕಾಲ್ಗುಣ ಕಣೇ ಕಾಯಿಲೆ! ನಾಳೆ ನಿಮ್ಮಪ್ಪನ ಮನೆಗೆ ಹೊರಡು. ಮಗನ್ನ ನಾನು ಊರಿಗೆ ಕರ್ಕೊಂಡೋಗ್ತೀನಿ."

ಅಕ್ಷತಾ ಬಟ್ಟೆ ಮಡಿಚಿ ಬ್ಯಾಗಿಗೆ ತುಂಬಿದಳು. ಊರಿಗೆ ಹೋದರೆ ಆ ಕೈಯಿಂದ ಮೊಬೈಲು ಕಿತ್ತುಕೊಳ್ಳುವವರಿಲ್ಲ, ಅವನು ಉಳಿಯುವುದಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಕೈಗಳು ಮಡಿಚುತ್ತಲೇ ಇದ್ದವು.

ಬೆಳಿಗ್ಗೆ ಸಿದ್ದಗಂಗಮ್ಮ ಮಗನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಷ್ಟೋ ಕಾಲದಿಂದ ಪೂಜೆ ಕಾಣದ ಇಷ್ಟಲಿಂಗವನ್ನು ಅವನ ಎಡ ಅಂಗೈಯಲ್ಲಿಟ್ಟಳು. "ಇದನ್ನೇ ನೋಡ್ಕೊಂಡು ನಿಧಾನಕ್ಕೆ ಉಸಿರಾಡಪ್ಪ. ಶಿವ ಕಾಯ್ತಾನೆ."

ರೇಣುಕಾಪ್ರಸಾದ ದಿಟ್ಟಿಸಿದ. ರೆಪ್ಪೆ ಮಿಟುಕಲಿಲ್ಲ. ಉಸಿರು ಬಿಗಿಯಿತು. ಹೆಬ್ಬೆರಳು ಮೆಲ್ಲಗೆ ಲಿಂಗದ ಮೇಲೆ ಸರಿದಾಡತೊಡಗಿತು, ಎಡಕ್ಕೆ, ಬಲಕ್ಕೆ, ಮೊಬೈಲಿನ ಮೇಲೆ ಆಡುವ ಹಾಗೆಯೇ...

"ಉಸಿರಾಡೋ! ಯಾಕ್ಲಾ ಉಸಿರು ಹಿಡ್ಕೊಂಡಿದೀಯ?" ತಾಯಿ ಅವನ ಎದೆಗೆ ಕೈಯಿಟ್ಟಳು. ಮೈಲಿಗಟ್ಟಲೆ ಓಡಿಬಂದವನ ಹಾಗೆ ಹೊಡೆದುಕೊಳ್ಳುತ್ತಿತ್ತು. "ಅಯ್ಯೋ ಶಿವನೇ... ಆ ಮೊಬೈಲನ್ನ ನಾನೇ ಕೈಗೆ ಕೊಟ್ನಲ್ಲ!"

ಮೊಬೈಲು ತಂದು ಸೊಸೆಯ ಕೈಗಿಟ್ಟಳು. "ಹೋಗಬ್ಯಾಡ ಕಣವ್ವ. ನಂಗೆ ಗೊತ್ತಾಗಲಿಲ್ಲ..."

ಸಿಟ್ಟಾಗಲಿ, ಕನಿಕರವಾಗಲಿ ಅಕ್ಷತಾಳ ಒಳಗೆ ಏನೂ ಏಳಲಿಲ್ಲ. ಬ್ಯಾಗನ್ನು ಕಾಲಿನಿಂದ ಮಂಚದಡಿಗೆ ತಳ್ಳಿ ಗಂಡನ ಎದುರು ಕೂತಳು. ಆಡುತ್ತಿದ್ದ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು.

"ಉಸಿರು ಬಿಡಿ," ಎಂದಳು.

ಅವನು ಬಿಟ್ಟ. ಅವಳು ಮುಂದಿನ ಉಸಿರಿಗಾಗಿ ಕಾದಳು.